ಒಂದೇ ನೆಟ್, ಎರಡು ಪೆಟ್ಟಿಗೆ

ಹಾಸನಕ್ಕೆ ಓದಲು ಬಂದು ರೂಮು ಮಾಡಿಕೊಂಡಿರುವ ಹುಡುಗರ ಹತ್ತಿರ ಹೊಸ ಪ್ಲೇಸ್ಟೇಷನ್ ಇರುವುದು ಅಪರೂಪ. ಇದ್ದರೆ ಅದು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲೋ ಎಸ್.ಪಿ. ರಸ್ತೆಯಲ್ಲೋ ಚೌಕಾಸಿ ಮಾಡಿ ತಂದ ಸೆಕೆಂಡ್ ಹ್ಯಾಂಡ್ ಮಾಲು. ಇಲ್ಲವೇ ಕೆಲಸ ಸಿಕ್ಕ ಅಣ್ಣನೊಬ್ಬ ತಾನು ಹೊಸದು ಕೊಂಡು ತಮ್ಮನಿಗೆ ದಾಟಿಸಿದ ಹಳೆಯ ಪೆಟ್ಟಿಗೆ. ನಾಲ್ಕು ಜನ ಸೇರಿ ದುಡ್ಡು ಹಾಕಿ ಕೊಳ್ಳುವುದೂ ಉಂಟು. ಅಂಥ ಕಡೆ ಮಾಲೀಕರು ನಾಲ್ವರು, ಕಂಟ್ರೋಲರ್ ಮಾತ್ರ ಎರಡು.

ಟಿ.ವಿ.ಗೆ ಸಿಕ್ಕಿಸಿ ಡಿಸ್ಕ್ ಹಾಕಿದರೆ ಆಟ ಶುರುವಾಗುತ್ತದೆ, ಸರಿ. ಆದರೆ ಅಪ್‌ಡೇಟ್ ಮಾಡಬೇಕು, ಊರಲ್ಲಿರುವ ಗೆಳೆಯನ ಜೊತೆ ಆಡಬೇಕು ಎಂದರೆ ನೆಟ್ ಬೇಕು. ನಮ್ಮ ರೂಮಿನದೇ ಉದಾಹರಣೆ ಕೊಡುತ್ತೇನೆ. ಕೆಳಗಿನ ಮನೆಯ ಓನರ್ ಆಂಟಿ ಬಾಡಿಗೆಯ ಜೊತೆ ಇನ್ನಷ್ಟು ಸೇರಿಸಿ ತಮ್ಮ ವೈ-ಫೈ ಪಾಸ್‌ವರ್ಡ್ ಕೊಟ್ಟಿದ್ದಾರೆ. ಆದರೆ ಆ ಸಿಗ್ನಲ್ ಮೆಟ್ಟಿಲು ಹತ್ತಿ ಬಂದು ಕಿಟಕಿಯ ಹತ್ತಿರವೇ ಸುಸ್ತಾಗಿ ಕೂತುಬಿಡುತ್ತದೆ. ಟಿ.ವಿ. ಇರುವುದು ಒಳಗಿನ ಗೋಡೆಗೆ. ಸಾಲದ್ದಕ್ಕೆ ನಮ್ಮ ಪೆಟ್ಟಿಗೆಯ ವೈ-ಫೈ ಸತ್ತುಹೋಗಿದೆ. ಮಾರಿದವನು ಮೊದಲೇ ಹೇಳಿದ್ದ, ಅದಕ್ಕೇ ಅಗ್ಗಕ್ಕೆ ಸಿಕ್ಕಿತು. ಉಳಿದದ್ದು ಒಂದೇ ದಾರಿ. ಲ್ಯಾಪ್‌ಟಾಪನ್ನು ಕಿಟಕಿಯಲ್ಲಿಟ್ಟು, ಅದು ಹಿಡಿದ ನೆಟ್ಟನ್ನು ಉದ್ದನೆಯ ಲ್ಯಾನ್ ಕೇಬಲ್‌ನಲ್ಲಿ ಕನ್ಸೋಲ್‌ಗೆ ಹಂಚುವುದು.

ಇದೇನು ಹೊಸ ಉಪಾಯವಲ್ಲ. 1999ರಲ್ಲಿ ಬಂದ ವಿಂಡೋಸ್ 98 ಸೆಕೆಂಡ್ ಎಡಿಷನ್‌ನಲ್ಲೇ ಈ ಸೌಲಭ್ಯ ಇತ್ತು. ಬಿಎಸ್‌ಎನ್‌ಎಲ್‌ನ ಡೇಟಾ ಒನ್ ಬ್ರಾಡ್‌ಬ್ಯಾಂಡ್ 2005ರಲ್ಲಿ ಬಂದಾಗ ಎಷ್ಟೋ ಮನೆಗಳಲ್ಲಿ ಮೋಡೆಮ್‌ಗೆ ಒಂದೇ ಲ್ಯಾನ್ ಕಿಂಡಿ, ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಕನೆಕ್ಟ್ ಮಾಡುವುದು ಕಂಪ್ಯೂಟರಿನಿಂದಲೇ. ಮರುವರ್ಷ ಭಾರತಕ್ಕೆ ಬಂದ ಎಕ್ಸ್‌ಬಾಕ್ಸ್ 360ರೊಳಗೆ ವೈ-ಫೈಯೇ ಇರಲಿಲ್ಲ, ಅದಕ್ಕೆ ಬೇರೆ ಅಡಾಪ್ಟರ್ ಕೊಳ್ಳಬೇಕಿತ್ತು. ಆಮೇಲೆ ತಾಲ್ಲೂಕು ಕೇಂದ್ರಗಳಿಗೆ ಬಂದದ್ದು ಯುಎಸ್‌ಬಿ ಡಾಂಗಲ್. ಅದನ್ನು ಕಂಪ್ಯೂಟರ್ ಗುರುತಿಸುತ್ತಿತ್ತು, ಕನ್ಸೋಲ್ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನಮ್ಮ ಅಣ್ಣಂದಿರ ಕಾಲದಲ್ಲಿ ಆನ್‌ಲೈನ್ ಆಡಿದವರಲ್ಲಿ ಅನೇಕರು ಕಂಪ್ಯೂಟರ್ ಮೂಲಕವೇ ಹೋದವರು. ಇವತ್ತು ಮೊಬೈಲ್ ಹಾಟ್‌ಸ್ಪಾಟ್ ಇದೆ, ವೈ-ಫೈ ಸರಿಯಿರುವ ಕನ್ಸೋಲ್ ಇದ್ದರೆ ಲ್ಯಾಪ್‌ಟಾಪ್‌ನ ಹಂಗೇ ಬೇಡ. ಬೇಕಾಗುವುದು ನಮ್ಮಂಥವರಿಗೆ, ಮತ್ತು ಲಾಗಿನ್ ಪುಟ ತೆರೆದುಕೊಂಡ ಮೇಲಷ್ಟೇ ನೆಟ್ ಬಿಡುವ ಹಾಸ್ಟೆಲ್‌ನವರಿಗೆ. ಆ ಪುಟ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ತೆರೆಯುತ್ತದೆ. ಕನ್ಸೋಲ್‌ನಲ್ಲಿ ತೆರೆದರೆ ಅದೃಷ್ಟ.

ಮಾಡುವುದು ಹೀಗೆ. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋದರೆ ವೈ-ಫೈ, ಈಥರ್ನೆಟ್ ಎಂದು ಎರಡು ಚಿತ್ರ ಕಾಣುತ್ತವೆ. ನೆಟ್ ಬರುತ್ತಿರುವುದು ಯಾವುದರಲ್ಲೋ ಅದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಶೇರಿಂಗ್ ಎಂಬ ಟ್ಯಾಬ್. ಬೇರೆಯವರು ಈ ಕಂಪ್ಯೂಟರ್ ಮೂಲಕ ನೆಟ್ ಬಳಸಬಹುದು ಎಂಬ ಸಾಲಿಗೆ ಟಿಕ್ ಹಾಕಿ, ಕೆಳಗಿನ ಪಟ್ಟಿ ಇದ್ದರೆ ಅದರಲ್ಲಿ ಈಥರ್ನೆಟ್ ಆರಿಸಿ. ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ. ಕನ್ಸೋಲ್ ಇರುವುದು ಈಥರ್ನೆಟ್‌ನಲ್ಲಲ್ಲವೇ ಎಂದು ಈಥರ್ನೆಟ್‌ನ ಪ್ರಾಪರ್ಟೀಸ್‌ಗೇ ಹೋಗಿ ಟಿಕ್ ಹಾಕುತ್ತಾರೆ. ಹಂಚಬೇಕಾದ್ದು ಇರುವ ನೆಟ್ಟನ್ನು, ಖಾಲಿ ಕೇಬಲನ್ನಲ್ಲ. ಆಮೇಲೆ ಕನ್ಸೋಲ್‌ನಲ್ಲಿ ಕೇಬಲ್ ಆಯ್ಕೆ ಮಾಡಿ ಎಲ್ಲವನ್ನೂ ಆಟೊಮ್ಯಾಟಿಕ್‌ಗೆ ಬಿಟ್ಟರೆ ಸಾಕು. ಮೊದಲು ಇದಕ್ಕೆಂದೇ ಕ್ರಾಸ್‌ಓವರ್ ಕೇಬಲ್ ಬೇಕಿತ್ತು, ಈಗಿನ ಯಂತ್ರಗಳಿಗೆ ಸಾಧಾರಣ ಕೇಬಲ್ಲೇ ನಡೆಯುತ್ತದೆ. ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಸಿಗುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ ಮೇಲೆ ಟಿಕ್ ಇದ್ದರೂ ನೆಟ್ ಹೋಗದಿದ್ದರೆ ಟಿಕ್ ತೆಗೆದು ಮತ್ತೆ ಹಾಕಿ.

ಟಿಕ್ ಹಾಕಿದ ಆ ಒಂದು ಕ್ಷಣದಲ್ಲಿ ಒಳಗೆ ಏನಾಗುತ್ತದೆ ಎಂಬುದು ನನಗೆ ಆಟಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿತು. ಲ್ಯಾಪ್‌ಟಾಪ್‌ನ ಕೇಬಲ್ ಕಡೆಯ ವಿಳಾಸ 192.168.137.1 ಆಗಿಬಿಡುತ್ತದೆ. ಕನ್ಸೋಲ್‌ಗೆ ಅದೇ ಸಾಲಿನ ಇನ್ನೊಂದು ವಿಳಾಸವನ್ನು ಲ್ಯಾಪ್‌ಟಾಪೇ ಹಂಚುತ್ತದೆ, ಇದು ಪಠ್ಯಪುಸ್ತಕದ ಡಿಎಚ್‌ಸಿಪಿ. ಹೊರಗೆ ಹೋಗುವ ಮಾತೆಲ್ಲ ಲ್ಯಾಪ್‌ಟಾಪ್ ಹೆಸರಲ್ಲೇ ಹೋಗಿ, ಉತ್ತರ ಬಂದಾಗ ಕನ್ಸೋಲ್‌ಗೆ ತಲುಪುತ್ತದೆ, ಇದು ನ್ಯಾಟ್. ಹಾಸ್ಟೆಲ್ ಗೇಟಿನ ಸೆಕ್ಯುರಿಟಿ ಅಣ್ಣನನ್ನು ನೆನಪಿಸಿಕೊಳ್ಳಿ. ಹೊರಗಿನವರಿಗೆ ಗೊತ್ತಿರುವುದು ಹಾಸ್ಟೆಲ್‌ನ ಒಂದೇ ವಿಳಾಸ. ಯಾವ ರೂಮಿನವನು ಏನು ತರಿಸಿದ್ದಾನೆ ಎಂಬುದು ಅಣ್ಣನ ನೋಟ್‌ಬುಕ್‌ನಲ್ಲಿದೆ. ಆರ್ಡರ್ ಮಾಡಿದವನ ಪಾರ್ಸೆಲ್ ರೂಮಿಗೆ ಬರುತ್ತದೆ. ಯಾರೂ ತರಿಸದೆ ತಾನಾಗಿ ಬಂದವನನ್ನು ಗೇಟಿನಲ್ಲೇ ನಿಲ್ಲಿಸುತ್ತಾನೆ. ಆನ್‌ಲೈನ್ ಆಟದಲ್ಲಿ ಗೆಳೆಯನ ದನಿ ಕೇಳಿಸದೆ ಇರುವುದು, ಅವನ ಪಾರ್ಟಿಗೆ ಸೇರಲಾಗದೆ ಇರುವುದು ಬಹಳ ಸಲ ಈ ಕಾರಣಕ್ಕೇ. ಪ್ಲೇಸ್ಟೇಷನ್ ಇದನ್ನು ನ್ಯಾಟ್ ಟೈಪ್ 1, 2, 3 ಎಂದು ತೋರಿಸುತ್ತದೆ, ಎಕ್ಸ್‌ಬಾಕ್ಸ್ ಓಪನ್, ಮಾಡರೇಟ್, ಸ್ಟ್ರಿಕ್ಟ್ ಎನ್ನುತ್ತದೆ. ಟೈಪ್ 3 ಎಂದರೆ ಗೇಟಿನ ಅಣ್ಣ ತುಂಬಾ ಕಟ್ಟುನಿಟ್ಟು.

ಹಾಗಂತ ಲ್ಯಾಪ್‌ಟಾಪ್ ಒಂದನ್ನೇ ಬೈಯಬೇಡಿ. ಹಳೆಯ ಐಪಿ ವಿಳಾಸಗಳು ಇರುವುದು ಸುಮಾರು 430 ಕೋಟಿ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿಯಿತು. ಹಾಗಾಗಿ ಮೊಬೈಲ್ ಕಂಪನಿಗಳೂ ನಾವು ರೂಮಿನಲ್ಲಿ ಮಾಡಿದ್ದನ್ನೇ ಮಾಡುತ್ತವೆ, ಒಂದು ವಿಳಾಸದ ಹಿಂದೆ ಅದೆಷ್ಟೋ ಮೊಬೈಲ್‌ಗಳನ್ನು ಕೂರಿಸುತ್ತವೆ. ಅದಕ್ಕೆಂದೇ 2012ರಲ್ಲಿ 100.64 ಎಂದು ಶುರುವಾಗುವ ವಿಳಾಸಗಳನ್ನು ತೆಗೆದಿಟ್ಟರು. ನಿಮ್ಮ ರೂಟರ್‌ನ ಹೊರಗಿನ ವಿಳಾಸ ಹಾಗೆ ಶುರುವಾಗಿದ್ದರೆ ನಿಮ್ಮ ಗೇಟಿನಾಚೆ ಕಂಪನಿಯದೊಂದು ಗೇಟಿದೆ ಎಂದರ್ಥ. ನನ್ನ ಊರು ಹೊಳೆನರಸೀಪುರ. ರಜೆಗೆ ಪೆಟ್ಟಿಗೆಯನ್ನು ಅಲ್ಲಿಗೆ ಒಯ್ದಾಗ ಕನ್ಸೋಲ್ ಲ್ಯಾಪ್‌ಟಾಪ್‌ನ ಹಿಂದೆ, ಲ್ಯಾಪ್‌ಟಾಪ್ ಅಪ್ಪನ ಮೊಬೈಲ್‌ನ ಹಿಂದೆ, ಮೊಬೈಲ್ ಕಂಪನಿಯ ಹಿಂದೆ. ಮೂರು ಗೇಟು ದಾಟಿ ಗೋಲು ಹೊಡೆಯಬೇಕು. ಅದರ ಮೇಲೆ ತಂಗಿಯದು ಇನ್ನೊಂದು ಗೇಟು. ಅವಳ ಅಸೈನ್‌ಮೆಂಟ್ ಅಪ್‌ಲೋಡ್ ಆಗುವವರೆಗೆ ಯಾರೂ ಕೇಬಲ್ ಮುಟ್ಟುವಂತಿಲ್ಲ.

ತಂಗಿಯ ಕಟ್ಟಳೆ ಸುಮ್ಮನೆ ಅಲ್ಲ ಎಂದು ಗೊತ್ತಾದದ್ದು ಅರಕಲಗೂಡಿನ ಗೆಳೆಯನಿಂದ. ದೀಪಾವಳಿಗೆ ಪೆಟ್ಟಿಗೆ ಹೊತ್ತುಕೊಂಡು ಹೋಗುವ ಸರದಿ ಅವನದು. ಮನೆಯಲ್ಲಿ ಇದ್ದದ್ದು ಮೊಬೈಲ್‌ನ ದಿನಕ್ಕೆ 2 ಜಿ.ಬಿ. ಪ್ಯಾಕ್ ಮಾತ್ರ. ಮೊಬೈಲನ್ನು ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್‌ಗೆ, ಅಲ್ಲಿಂದ ಕೇಬಲ್‌ನಲ್ಲಿ ಕನ್ಸೋಲ್‌ಗೆ. ಆಡಲು ಏನೂ ತೊಂದರೆಯಿಲ್ಲ, ಬಹುತೇಕ ಆಟಗಳು ಗಂಟೆಗೆ ನೂರು ಎಂ.ಬಿ. ಆಸುಪಾಸಿನಲ್ಲಿ ಮುಗಿಸುತ್ತವೆ. ಹೊಟ್ಟೆಬಾಕತನವೆಲ್ಲ ಡೌನ್‌ಲೋಡ್‌ನದು. 2019ರ ಕಾಲ್ ಆಫ್ ಡ್ಯೂಟಿ ಮಾಡರ್ನ್ ವಾರ್‌ಫೇರ್ ಒಂದೇ 100 ಜಿ.ಬಿ. ದಾಟಿತ್ತು. ರಾತ್ರಿ ಆಡಿ ಮುಗಿಸಿ ಕನ್ಸೋಲನ್ನು ರೆಸ್ಟ್ ಮೋಡ್‌ಗೆ ಬಿಟ್ಟು ಮಲಗಿದ. ಲ್ಯಾಪ್‌ಟಾಪ್‌ನ ಮುಚ್ಚಳ ಹಾಕಿದರೂ ನಿದ್ದೆಗೆ ಹೋಗದಂತೆ ಅವನೇ ಸೆಟ್ ಮಾಡಿದ್ದ. ಹನ್ನೆರಡು ಹೊಡೆಯಿತು, ಹೊಸ ದಿನದ 2 ಜಿ.ಬಿ. ಬಂತು, ರೆಸ್ಟ್ ಮೋಡ್‌ನಲ್ಲಿದ್ದ ಪೆಟ್ಟಿಗೆ ಯಾವುದೋ ಅಪ್‌ಡೇಟ್‌ಗಾಗಿ ಅಷ್ಟನ್ನೂ ಕುಡಿದುಬಿಟ್ಟಿತು.

ಬೆಳಿಗ್ಗೆ ಒಂಬತ್ತಕ್ಕೆ ಅವನಿಗೆ ಒಂದು ಕಂಪನಿಯ ಆನ್‌ಲೈನ್ ಆಪ್ಟಿಟ್ಯೂಡ್ ಪರೀಕ್ಷೆ. ಕೋಟಾ ಮುಗಿದ ಮೇಲೆ ವೇಗ 64 ಕೆಬಿಪಿಎಸ್, ಲಾಗಿನ್ ಪುಟದ ಚಕ್ರ ತಿರುಗುತ್ತಲೇ ಇತ್ತು. ಎಕ್ಸ್‌ಟ್ರಾ ಡೇಟಾ ಹಾಕಿಸೋಣವೆಂದರೆ ಆ ಪುಟವೂ ತೆರೆಯಲೊಲ್ಲದು. ಶುಂಠಿ ಹೊಲಕ್ಕೆ ಹೋಗಿದ್ದ ಅಪ್ಪನನ್ನು ಹುಡುಕಿ ಅವರ ಮೊಬೈಲ್ ತರುವಷ್ಟರಲ್ಲಿ ಪರೀಕ್ಷೆಯ ಲಿಂಕ್ ಮುಚ್ಚಿತ್ತು. ವಿಷಯ ತಿಳಿದ ಅಪ್ಪ ಕೇಳಿದ್ದು ಒಂದೇ ಮಾತು: "ರಾತ್ರಿಯೆಲ್ಲಾ ಮಲಗಿದ್ದೆ, ನೆಟ್ ಯಾವನ್ಲಾ ಕುಡ್ದಿದ್ದು?" ಅದಕ್ಕೆ ಉತ್ತರ ಹೇಳಲು ಹೊರಟರೆ ನ್ಯಾಟ್‌ನಿಂದ ಶುರುಮಾಡಬೇಕು. ಅವನು ಸುಮ್ಮನಿದ್ದ. ಆ ಕಂಪನಿಯಿಂದ ಮತ್ತೆ ಮೇಲ್ ಬರಲಿಲ್ಲ.

ಇಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿ ಇದೆ. ವಿಂಡೋಸ್‌ನಲ್ಲಿ ಮೀಟರ್ಡ್ ಕನೆಕ್ಷನ್ ಎಂದು ಹಾಕಿದರೆ ಡೇಟಾ ಉಳಿಯುತ್ತದೆ ಎಂದುಕೊಳ್ಳುತ್ತೇವೆ. ಆ ಕಡಿವಾಣ ಲ್ಯಾಪ್‌ಟಾಪ್‌ನ ಸ್ವಂತ ಕೆಲಸಗಳಿಗೆ ಮಾತ್ರ, ಅದರ ಬೆನ್ನ ಹಿಂದಿರುವ ಕನ್ಸೋಲ್‌ಗೆ ಅದು ಲೆಕ್ಕಕ್ಕಿಲ್ಲ. ಕನ್ಸೋಲ್‌ನ ಸೆಟ್ಟಿಂಗ್ಸ್‌ಗೇ ಹೋಗಿ ಆಟೊಮ್ಯಾಟಿಕ್ ಡೌನ್‌ಲೋಡ್ ಆರಿಸಬೇಕು, ರೆಸ್ಟ್ ಮೋಡ್‌ನಲ್ಲಿ ನೆಟ್ ಸಂಪರ್ಕ ಇರದಂತೆ ಮಾಡಬೇಕು. ಇಲ್ಲವೇ ಮಲಗುವ ಮುನ್ನ ಕೇಬಲ್ ಕೀಳುವುದು, ಅದರಷ್ಟು ನಂಬಿಕಸ್ಥ ಸೆಟ್ಟಿಂಗ್ ಇನ್ನೊಂದಿಲ್ಲ.

ಹಾಸ್ಟೆಲ್‌ನವರಿಗೆ ಇನ್ನೊಂದು ಮಾತು. ಕಾಲೇಜಿನ ವೈ-ಫೈಗೆ ನಿಮ್ಮ ಯು.ಎಸ್.ಎನ್. ಹಾಕಿ ಲಾಗಿನ್ ಆಗಿದ್ದರೆ ಕನ್ಸೋಲ್ ಎಳೆದದ್ದೂ, ಆಮೇಲೆ ಪಕ್ಕದ ರೂಮಿನವನು "ಮಚ್ಚಾ, ನನಗೂ ಸ್ವಲ್ಪ ಕೊಡೋ" ಎಂದು ಎಳೆದದ್ದೂ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ. ನ್ಯಾಟ್‌ನ ಗುಣವೇ ಅದು, ಹಿಂದೆ ಎಷ್ಟು ಜನವಿದ್ದರೂ ಹೊರಗೆ ಕಾಣುವುದು ಒಂದೇ ಮುಖ. ಕೆಲವು ಕಡೆ ಹೀಗೆ ಹಂಚುವುದಕ್ಕೇ ನಿಷೇಧವಿದೆ. ವಾರ್ಡನ್‌ರನ್ನು ಮೊದಲೇ ಕೇಳಿಬಿಡಿ. ಬೇಡ ಎಂದರೆ ಬೇಡ, ಆಫ್‌ಲೈನ್ ಕ್ರಿಕೆಟ್ ಎಲ್ಲೂ ಹೋಗುವುದಿಲ್ಲ.

ರೂಮಿನ ಮೂರನೆಯವನು ಚನ್ನರಾಯಪಟ್ಟಣದವನು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಆಡುವುದರಲ್ಲಿ ನಮ್ಮೆಲ್ಲರಿಗಿಂತ ಹಿಂದೆ, ಕೇಬಲ್ ವಿಷಯಕ್ಕೆ ಮಾತ್ರ ನಾವೆಲ್ಲ ಅವನ ಕಾಲು ಹಿಡಿಯಬೇಕು. ಬೆಂಗಳೂರಿನಲ್ಲಿ ಒಂದು ನೆಟ್‌ವರ್ಕ್ ಸಪೋರ್ಟ್ ಕೆಲಸದ ಸಂದರ್ಶನಕ್ಕೆ ಹೋಗಿದ್ದ. ಐಪಿ ವಿಳಾಸ 169.254 ಎಂದು ಶುರುವಾದರೆ ಏನರ್ಥ ಎಂದು ಕೇಳಿದರಂತೆ. ಪುಸ್ತಕದಲ್ಲಿ ಇದಕ್ಕೊಂದು ಉದ್ದನೆಯ ಹೆಸರಿದೆ, ಅವನಿಗೆ ಆ ಹೊತ್ತಿಗೆ ನೆನಪಾಗಲಿಲ್ಲ. ಆದರೆ ಶೇರಿಂಗ್ ಟಿಕ್ ಹಾಕುವ ಮೊದಲು ಲ್ಯಾಪ್‌ಟಾಪ್‌ನ ಈಥರ್ನೆಟ್‌ನಲ್ಲಿ ಆ ಸಂಖ್ಯೆಯನ್ನು ಎಷ್ಟೋ ಸಲ ನೋಡಿದ್ದ. "ಕೇಬಲ್ ಸಿಕ್ಕಿದೆ ಸರ್, ವಿಳಾಸ ಕೊಡೋರು ಯಾರೂ ಇಲ್ಲ. ಡಿಎಚ್‌ಸಿಪಿ ನೋಡ್ಬೇಕು," ಎಂದ. ಎಲ್ಲಿ ಕಲಿತೆ ಎಂದಾಗ ಪ್ಲೇಸ್ಟೇಷನ್ ಹೆಸರು ಹೇಳಲು ಸಂಕೋಚವಾಗಿ "ರೂಮಲ್ಲಿ ಸರ್" ಎಂದನಂತೆ. ಅಲ್ಲಿ ಕೆಲಸ ಸಿಕ್ಕಿತು. ಬೆಂಗಳೂರಿನ ಬಾಡಿಗೆ ಲೆಕ್ಕ ಹಾಕಿ ಅವನೇ ಬಿಟ್ಟ ಎನ್ನುವುದು ಬೇರೆ ವಿಷಯ. ಬಿಡಬಾರದಿತ್ತು ಎಂದು ನನಗಿನ್ನೂ ಅನಿಸುತ್ತದೆ, ಅವನಿಗೆ ಹಾಗನಿಸಿಲ್ಲ.

ಈಗ ಅವನು ತನ್ನೂರಿನಲ್ಲೇ ಇದ್ದಾನೆ. ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಕಡೆ ಮನೆಗಳಿಗೆ ಫೈಬರ್ ಎಳೆಯುವ ತಂಡದಲ್ಲಿ ಕೆಲಸ. ಮೊನ್ನೆ ಒಂದು ತೆಂಗಿನ ತೋಟದ ಮನೆಯಲ್ಲಿ ಕನೆಕ್ಷನ್ ಮುಗಿಸಿ ಹೊರಡುವಾಗ ಪಿ.ಯು.ಸಿ. ಓದುವ ಹುಡುಗನೊಬ್ಬ ಹಿಂದೆಯೇ ಓಡಿಬಂದು, "ಅಣ್ಣಾ, ನ್ಯಾಟ್ ಟೈಪ್ 3 ಅಂತ ತೋರಿಸ್ತಾ ಇದೆ, ಸರಿ ಮಾಡ್ಕೊಡಿ," ಎಂದನಂತೆ. ಇವನು ರೂಟರ್ ತೆರೆದು ನೋಡಿದ, 100.64. "ನಿಮ್ಮನೇಗೇ ಅಂತ ಬೇರೆ ಪಬ್ಲಿಕ್ ಐಪಿ ತಗೋಬೇಕು ಕಣೋ, ಅದಕ್ಕೆ ದುಡ್ಡು ಬೇರೆ ಆಗುತ್ತೆ. ಅಪ್ಪನ್ನ ಕೇಳ್ತೀಯಾ?" ಹುಡುಗ ಜಗಲಿಯ ಮೇಲೆ ಕೂತಿದ್ದ ಅಪ್ಪನ ಮುಖವನ್ನೊಮ್ಮೆ ನೋಡಿದ. "ಟೈಪ್ 3 ಸಾಕು ಬಿಡಣ್ಣ," ಎಂದು ಒಳಗೆ ಹೋದ.