ಶಿಲೀಂಧ್ರನಾಶಕ ಔಷಧಗಳೂ ಬಡ ರಾಷ್ಟ್ರಗಳ ಆಸ್ಪತ್ರೆಗಳೂ

ಔಷಧದ ಚರಿತ್ರೆಯೆಂದರೆ ಅದನ್ನು ಕಂಡುಹಿಡಿದವರ ಚರಿತ್ರೆ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಪ್ರಯೋಗಶಾಲೆಯಲ್ಲಿ ಹುಟ್ಟಿದ ಔಷಧವು ರೋಗಿಯ ಹಾಸಿಗೆಯವರೆಗೆ ಸಾಗಿ ಬಂದ ದಾರಿಯೂ ಚರಿತ್ರೆಯ ವಸ್ತುವೇ ಆಗಿದೆ. ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರಗಳಿಂದ ಬರುವ ರೋಗಗಳಿಗೆ ಬಡ ರಾಷ್ಟ್ರಗಳ ಆಸ್ಪತ್ರೆಗಳು ಯಾವ ಔಷಧವನ್ನು ಕೊಡುತ್ತ ಬಂದಿವೆ, ಏಕೆ ಕೊಡುತ್ತ ಬಂದಿವೆ ಎಂಬುದನ್ನು ಸಹರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ನಿದರ್ಶನದಿಂದ ಇಲ್ಲಿ ವಿವೇಚಿಸಲು ಯತ್ನಿಸಿದ್ದೇವೆ. ನಾವು ವೈದ್ಯಶಾಸ್ತ್ರವನ್ನು ಬಲ್ಲವರಲ್ಲ. ಚಿಕಿತ್ಸೆಯ ಗುಣದೋಷಗಳನ್ನು ನಿರ್ಣಯಿಸುವುದು ನಮ್ಮ ಉದ್ದೇಶವೂ ಅಲ್ಲ. ವೈದ್ಯನ ಔಷಧದ ಚೀಟಿಯನ್ನು ಅವನ ವಿದ್ಯೆಯೊಂದೇ ಬರೆಯುವುದಿಲ್ಲ, ಬೆಲೆ, ಸರಬರಾಜು ಮತ್ತು ಪರೀಕ್ಷಾ ಸೌಕರ್ಯಗಳೂ ಸೇರಿ ಬರೆಯುತ್ತವೆ ಎಂಬುದನ್ನು ತೋರಿಸುವುದಷ್ಟೇ ನಮ್ಮ ಉದ್ದೇಶ.

ಈ ವರ್ಗದ ಔಷಧಗಳಲ್ಲಿ ಪ್ರಮುಖವಾದ ಆಂಫೊಟೆರಿಸಿನ್-ಬಿ 1950ರ ದಶಕದಲ್ಲಿ ಬೆಳಕಿಗೆ ಬಂದಿತು. ವೆನಿಜುವೆಲಾ ದೇಶದ ಒರಿನೋಕೊ ನದಿಯ ಪ್ರದೇಶದಿಂದ ತಂದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದು ಇದರ ಮೂಲ. ಇದು ಶಿಲೀಂಧ್ರವನ್ನು ಬಲವಾಗಿ ಕೊಲ್ಲುತ್ತದೆ; ಆದರೆ ಮೂತ್ರಪಿಂಡಗಳಿಗೂ ಅಪಾಯವನ್ನುಂಟುಮಾಡುತ್ತದೆ. ಇದನ್ನು ತಂಪಿನಲ್ಲಿ ಕಾಪಾಡಬೇಕು. ಹಲವು ಗಂಟೆಗಳ ಕಾಲ ನಿಧಾನವಾಗಿ ರಕ್ತನಾಳಕ್ಕೆ ಹರಿಸಬೇಕು. ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ಶೀತಕಪೆಟ್ಟಿಗೆ, ದಾದಿಯರು, ಪ್ರಯೋಗಶಾಲೆ ಈ ಮೂರೂ ಇದ್ದಲ್ಲಿ ಮಾತ್ರ ಅದು ಔಷಧ. ಇಲ್ಲದಿದ್ದಲ್ಲಿ ಅದೇ ಒಂದು ಗಂಡಾಂತರ.

ಏಡ್ಸ್ ರೋಗವು ಆಫ್ರಿಕಾದಲ್ಲಿ ಹರಡಿದ ಮೇಲೆ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವು ಮಿದುಳಿನ ಪೊರೆಯನ್ನು ಆಕ್ರಮಿಸುವ ರೋಗವು ಅಲ್ಲಿನ ಆಸ್ಪತ್ರೆಗಳಲ್ಲಿ ಪದೇ ಪದೇ ಕಾಣಿಸಿಕೊಂಡಿತು. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಮರಣ ನಿಶ್ಚಿತ. 1990ರ ವೇಳೆಗೆ ಬಳಕೆಗೆ ಬಂದ ಫ್ಲುಕೊನಜೋಲ್ ಎಂಬ ಔಷಧವು ಬಾಯಿಯಿಂದ ನುಂಗುವಂಥದು. ಬಡ ಆಸ್ಪತ್ರೆಗೆ ಹೇಳಿ ಮಾಡಿಸಿದಂತಿದ್ದಿತು. ಆದರೆ ಅದರ ಹಕ್ಕುಪತ್ರವು ಫೈಜರ್ ಕಂಪೆನಿಯ ಕೈಯಲ್ಲಿದ್ದುದರಿಂದ ದಕ್ಷಿಣ ಆಫ್ರಿಕಾದಲ್ಲಿ ಬೆಲೆ ಬಡವರ ಕೈಗೆ ಎಟುಕದಂತಿತ್ತು. 2000ನೆಯ ಇಸವಿಯಲ್ಲಿ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಸಂಸ್ಥೆಯ ನಾಯಕರಾದ ಜ್ಯಾಕಿ ಅಖ್ಮತ್ ಅವರು ಥಾಯ್‌ಲೆಂಡಿನಲ್ಲಿ ತಯಾರಾದ, ಹಲವು ಪಾಲು ಅಗ್ಗವಾದ ಅದೇ ಔಷಧವನ್ನು ಕಾನೂನನ್ನು ಧಿಕ್ಕರಿಸಿ ಬಹಿರಂಗವಾಗಿಯೇ ತಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಪೆನಿಯು ಸರ್ಕಾರಿ ಆಸ್ಪತ್ರೆಗಳಿಗೆ ಔಷಧವನ್ನು ಉಚಿತವಾಗಿ ಕೊಡುವ ಒಪ್ಪಂದಕ್ಕೆ ಸಹಿಹಾಕಿತು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ಭಾವಿಸುವುದು ಸರಿಯಲ್ಲ. ಫ್ಲುಕೊನಜೋಲ್ ಮುಖ್ಯವಾಗಿ ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅದನ್ನು ಬೇಗನೆ ಕೊಲ್ಲುವುದಿಲ್ಲ. ಅದೊಂದನ್ನೇ ಪಡೆದ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಕೆಲವೇ ವಾರಗಳಲ್ಲಿ ಸಾಯುತ್ತಿದ್ದರು. ಆದರೂ ಅನೇಕ ಆಸ್ಪತ್ರೆಗಳು ವರ್ಷಗಟ್ಟಲೆ ಅದನ್ನೇ ಕೊಡುತ್ತ ಬಂದವು. ಏಕೆಂದರೆ ಉಗ್ರಾಣದಲ್ಲಿ ಇದ್ದುದು ಅದೊಂದೇ.

ಇದಕ್ಕೆ ಹಕ್ಕುಪತ್ರವೊಂದೇ ಕಾರಣವೆನ್ನುವಂತೆಯೂ ಇಲ್ಲ. ಫ್ಲುಸೈಟೊಸಿನ್ ಎಂಬ ಮತ್ತೊಂದು ಔಷಧವನ್ನು 1957ರಲ್ಲಿ ಅರ್ಬುದ ರೋಗಕ್ಕಾಗಿ ತಯಾರಿಸಲಾಯಿತು. ಮುಂದೆ ಅದು ಶಿಲೀಂಧ್ರಗಳಿಗೆ ಮದ್ದೆಂದು ತಿಳಿದುಬಂದಿತು. ಅದರ ಹಕ್ಕುಪತ್ರದ ಅವಧಿ ತೀರಿ ಬಹುಕಾಲವಾಗಿದ್ದರೂ ಆಫ್ರಿಕಾದ ಬಹುತೇಕ ದೇಶಗಳಲ್ಲಿ ಅದು ದೊರೆಯುತ್ತಿರಲಿಲ್ಲ. ಬೇಡಿಕೆಯಿಲ್ಲವೆಂದು ತಯಾರಕರು ಮಾರಾಟದ ಅನುಮತಿಯನ್ನು ಕೋರಲಿಲ್ಲ. ದೊರೆಯದ ಔಷಧವನ್ನು ವೈದ್ಯರು ಬರೆಯಲಿಲ್ಲ. ವೈದ್ಯರು ಬರೆಯದ ಕಾರಣ ಬೇಡಿಕೆಯೂ ಹುಟ್ಟಲಿಲ್ಲ.

ಈ ಔಷಧದ ಬೆಲೆ ಎಷ್ಟೆಂಬುದು 2018ರಲ್ಲಿ ಸ್ಪಷ್ಟವಾಯಿತು. ಮಲಾವಿ, ಜಾಂಬಿಯಾ, ಟಾಂಜಾನಿಯಾ ಮತ್ತು ಕ್ಯಾಮರೂನ್ ದೇಶಗಳಲ್ಲಿ 721 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಆಂಫೊಟೆರಿಸಿನ್ ಮತ್ತು ಫ್ಲುಸೈಟೊಸಿನ್‌ಗಳನ್ನು ಜೊತೆಯಾಗಿ ಒಂದು ವಾರ ಪಡೆದವರಲ್ಲಿ ಹತ್ತು ವಾರಗಳೊಳಗೆ ಸತ್ತವರು ಶೇಕಡ 24ರಷ್ಟು ಮಾತ್ರ. 2022ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯು, ಕೊಬ್ಬಿನ ಕಣಗಳಲ್ಲಿ ಹುದುಗಿಸಿದ, ಮೂತ್ರಪಿಂಡಗಳಿಗೆ ಕಡಮೆ ಹಾನಿಯುಂಟುಮಾಡುವ ಆಂಫೊಟೆರಿಸಿನ್ನನ್ನು ಒಂದೇ ಬಾರಿ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ಉಳಿದೆರಡು ಔಷಧಗಳನ್ನು ಎರಡು ವಾರ ನುಂಗಿಸಿದರೆ ಸಾಕೆಂದು ತೋರಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಅನುಮೋದಿಸಿತು. ಆದರೆ ಲೆಕ್ಕವನ್ನು ನೋಡೋಣ. 50 ಕಿಲೋಗ್ರಾಂ ತೂಕದ ರೋಗಿಗೆ 50 ಮಿಲಿಗ್ರಾಮಿನ ಹತ್ತು ಸೀಸೆಗಳು ಬೇಕು. ಬಡ ದೇಶಗಳಿಗಾಗಿ ಗಿಲಿಯಡ್ ಕಂಪೆನಿಯು 2018ರಲ್ಲಿ ಘೋಷಿಸಿದ 16.25 ಡಾಲರಿನ ಇಳಿಸಿದ ದರದಲ್ಲಿಯೂ ಅದಕ್ಕೆ 162 ಡಾಲರುಗಳಿಗೂ ಮಿಗಿಲಾಗುತ್ತದೆ.

ಅಭಾವದ ಮಗ್ಗುಲಲ್ಲಿಯೇ ಅತಿಬಳಕೆಯೂ ಇದೆ. ಪರೀಕ್ಷೆಯ ಅನುಕೂಲವಿಲ್ಲದ ಕಡೆ ವೈದ್ಯನು ಊಹೆಯಿಂದಲೇ ಅಗ್ಗದ ಔಷಧವನ್ನು ಬರೆಯುತ್ತಾನೆ. ಹೀಗೆ ಬಳಸಿದ ಔಷಧಕ್ಕೆ ಶಿಲೀಂಧ್ರಗಳು ಜಗ್ಗದಂತಾಗುವ ಭಯವುಂಟು. 2009ರಲ್ಲಿ ಜಪಾನಿನಲ್ಲಿ ಮೊದಲು ವರ್ಣಿತವಾಗಿ, ಮುಂದೆ ಭಾರತದ ಆಸ್ಪತ್ರೆಗಳಲ್ಲಿಯೂ ಕಾಣಿಸಿಕೊಂಡ ಕ್ಯಾಂಡಿಡಾ ಆರಿಸ್ ಸಾಮಾನ್ಯವಾಗಿ ಫ್ಲುಕೊನಜೋಲ್‌ಗೆ ಮಣಿಯುವುದಿಲ್ಲ.

ಇದು ದೂರದ ಖಂಡದ ಮಾತೆಂದು ನಾವು ಸುಮ್ಮನಿರುವಂತಿಲ್ಲ. 2021ರಲ್ಲಿ ಕೋವಿಡ್ ರೋಗದ ಬೆನ್ನಿಗೆ ನಮ್ಮ ದೇಶದಲ್ಲಿ ಕಪ್ಪು ಶಿಲೀಂಧ್ರ ರೋಗವು ಹಬ್ಬಿ, ಜೂನ್ ತಿಂಗಳ ಕೊನೆಯ ವೇಳೆಗೆ 40 ಸಾವಿರಕ್ಕೂ ಮಿಕ್ಕು ರೋಗಿಗಳು ವರದಿಯಾದರು. ಆಂಫೊಟೆರಿಸಿನ್ನಿಗೆ ತೀವ್ರ ಅಭಾವವುಂಟಾಯಿತು. ಕೇಂದ್ರ ಸರ್ಕಾರವು ಅದನ್ನು ರಾಜ್ಯಗಳಿಗೆ ಪಾಲು ಹಂಚಬೇಕಾಯಿತು. ಜೂನ್ 12ರಂದು ಅದರ ಮೇಲಿನ ತೆರಿಗೆಯನ್ನು ತೆಗೆದುಹಾಕುವ ತೀರ್ಮಾನವಾಯಿತು. ಕರ್ನಾಟಕದಲ್ಲಿಯೂ ರೋಗಿಗಳ ಬಂಧುಗಳು ಸೀಸೆಗಳಿಗಾಗಿ ಅಲೆದುದನ್ನು ನಾವೆಲ್ಲರೂ ಬಲ್ಲೆವು. ಅರುವತ್ತು ವರ್ಷಗಳಿಗೂ ಹಳೆಯದಾದ ಔಷಧವು ಬೇಕಾದ ದಿನ ಕೈಗೆ ಸಿಗಲಿಲ್ಲ.

ಔಷಧವೊಂದು ಕಂಡುಬಂದ ವರ್ಷ ಬೇರೆ, ಬಡವನಿಗೆ ಅದು ದೊರೆತ ವರ್ಷ ಬೇರೆ. ಇವೆರಡರ ನಡುವಣ ಅಂತರವನ್ನು ಅಳೆಯುವುದು ವೈದ್ಯರ ಕೆಲಸವಲ್ಲ, ಇತಿಹಾಸಕಾರರ ಕೆಲಸ. ನಮ್ಮ ವಿದ್ಯಾರ್ಥಿಗಳು ಶಾಸನಗಳನ್ನೂ ಕಡತಗಳನ್ನೂ ಓದುವಂತೆಯೇ ಜಿಲ್ಲಾ ಆಸ್ಪತ್ರೆಗಳ ಔಷಧ ದಾಸ್ತಾನಿನ ಪುಸ್ತಕಗಳನ್ನೂ ಓದಲಾರಂಭಿಸಿದರೆ, ಯಾರು ಯಾವ ಔಷಧವಿಲ್ಲದೆ ಸತ್ತರೆಂಬ ಪ್ರಶ್ನೆಗೆ ಉತ್ತರವು ಅಲ್ಲಿ ದೊರೆತೀತು.