ಸರ್ಫಿಂಗ್ ಮತ್ತು ಗುಡ್ಡಗಾಡು ಸೈಕಲ್ ಸವಾರಿ: ಬಂಡ್ರಿ ಭಾಗದ ಅರ್ಜಿದಾರರಿಗೆ ತಿಳಿವಳಿಕೆ

ಪೀಠಿಕೆ

ಸಾಹಸ ಕ್ರೀಡೆಗಳ ತರಬೇತಿಗೆ ಅರ್ಜಿ ಸಲ್ಲಿಸಲು ಇಚ್ಛಿಸುವ ಯುವಜನರು ಮತ್ತು ಅವರ ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. ಕಡಲ ಅಲೆಗಳ ಮೇಲೆ ಹಲಗೆಯೇರಿ ಸಾಗುವ ಸರ್ಫಿಂಗ್ ಮತ್ತು ಗುಡ್ಡದ ಹಾದಿಗಳಲ್ಲಿ ಸಾಗುವ ಸೈಕಲ್ ಸವಾರಿ, ಇವೆರಡರಲ್ಲಿ ಯಾವುದು ಹೆಚ್ಚು ಫಲದಾಯಕ ಹವ್ಯಾಸ ಎಂಬುದೇ ಆ ಪ್ರಶ್ನೆ. ಸಂಡೂರು ತಾಲ್ಲೂಕಿನ ಬಂಡ್ರಿ ಹಾಗೂ ಸಮೀಪದ ಹೊಸಪೇಟೆ, ಹಂಪಿ ಮತ್ತು ಕಂಪ್ಲಿ ಭಾಗಗಳ ನಿವಾಸಿಗಳನ್ನು ಗಮನದಲ್ಲಿರಿಸಿಕೊಂಡು ಈ ಎರಡೂ ಹವ್ಯಾಸಗಳ ಸ್ವರೂಪ, ವೆಚ್ಚ, ಅಪಾಯ ಮತ್ತು ಪ್ರಯೋಜನಗಳನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಕುಟುಂಬವು ಮಕ್ಕಳ ಹವ್ಯಾಸಕ್ಕಾಗಿ ತೆಗೆದಿರಿಸಬಹುದಾದ ಹಣ ಮತ್ತು ಸಮಯ ಎರಡೂ ಮಿತವಾಗಿರುತ್ತವೆ. ಆದುದರಿಂದ ಕೇವಲ ಛಾಯಾಚಿತ್ರಗಳನ್ನು ಅಥವಾ ದೃಶ್ಯಾವಳಿಗಳನ್ನು ನೋಡಿ ನಿರ್ಧರಿಸದೆ, ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

ಸರ್ಫಿಂಗ್ ಎಂದರೇನು?

ದೂರದ ಸಮುದ್ರದಲ್ಲಿ ಬೀಸುವ ಗಾಳಿಯಿಂದ ಹುಟ್ಟಿದ ಅಲೆಗಳು ದಡದತ್ತ ಸಾಗಿ ಬರುತ್ತವೆ. ನೀರಿನ ಆಳವು ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆಯ ತುದಿ ಮುಂದಕ್ಕೆ ಬಾಗಿ ಒಡೆಯುತ್ತದೆ. ಅಲೆ ಒಡೆಯುವ ಆ ಕ್ಷಣದಲ್ಲಿ ಹಲಗೆಯ ಮೇಲೆ ಎದ್ದು ನಿಂತು, ಅಲೆಯ ಇಳಿಜಾರಿನಲ್ಲಿ ಜಾರುತ್ತಾ ಸಾಗುವುದೇ ಸರ್ಫಿಂಗ್. ಇದು ಹವಾಯಿ ಮತ್ತು ಪೆಸಿಫಿಕ್ ದ್ವೀಪಗಳ ಜನರ ಪುರಾತನ ಕ್ರೀಡೆಯಾಗಿದ್ದು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಅಂದರೆ 2021ರಲ್ಲಿ, ಮೊದಲ ಬಾರಿಗೆ ಒಲಿಂಪಿಕ್ ಕ್ರೀಡೆಯಾಯಿತು.

ಭಾರತದಲ್ಲಿ ಈ ಕ್ರೀಡೆಯ ಬೆಳವಣಿಗೆಗೆ ಕರ್ನಾಟಕದ ಕರಾವಳಿಯ ಕೊಡುಗೆ ಗಣನೀಯವಾದುದು. ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯು ಮಂಗಳೂರು ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ನಡೆಯಿತು. ನಂತರದ ವರ್ಷಗಳಲ್ಲಿ ಪಣಂಬೂರು ಕಡಲತೀರದಲ್ಲಿಯೂ ಈ ಸ್ಪರ್ಧೆ ನಡೆದಿರುತ್ತದೆ. 2025ರಲ್ಲಿ ತಮಿಳುನಾಡಿನ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬುಡಿಹಾಳ ಅವರು ಕಂಚಿನ ಪದಕ ಗಳಿಸಿದರು.

ಗುಡ್ಡಗಾಡು ಸೈಕಲ್ ಸವಾರಿ ಎಂದರೇನು?

ಡಾಂಬರು ರಸ್ತೆಯನ್ನು ಬಿಟ್ಟು ಮಣ್ಣು, ಜಲ್ಲಿ ಮತ್ತು ಬಂಡೆಗಳಿಂದ ಕೂಡಿದ ಹಾದಿಗಳಲ್ಲಿ ವಿಶೇಷ ಸೈಕಲ್ಲಿನಲ್ಲಿ ಸಾಗುವುದಕ್ಕೆ ಮೌಂಟೇನ್ ಬೈಕಿಂಗ್ ಎನ್ನುತ್ತಾರೆ. ಈ ಸೈಕಲ್ಲುಗಳಿಗೆ ಅಗಲವಾದ, ಉಬ್ಬು ಗುಬ್ಬಿಗಳುಳ್ಳ ಟಯರುಗಳು, ಏರು ಹತ್ತಲು ಅನುಕೂಲವಾದ ಗೇರುಗಳು, ಬಲವಾದ ಬ್ರೇಕುಗಳು ಇರುತ್ತವೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಹಳೆಯ ಸೈಕಲ್ಲುಗಳನ್ನು ಮಾರ್ಪಡಿಸಿ ಇಳಿಜಾರಿನಲ್ಲಿ ಓಡಿಸುತ್ತಿದ್ದ ಯುವಕರಿಂದ ಇದು ರೂಪುಗೊಂಡಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಕ್ರೀಡೆಯಾಗಿದೆ. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ನಮ್ಮ ರಾಜ್ಯದ ಗದಗದಲ್ಲಿಯೇ ನಡೆಯಿತು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಸೈಕ್ಲಿಂಗ್‌ಗೆ ಹೆಸರಾಗಿರುವುದು ಎಲ್ಲರಿಗೂ ತಿಳಿದ ವಿಷಯ.

ಸ್ಥಳ ಮತ್ತು ದೂರ

ಹೊಸಪೇಟೆಯ ಮೂಲಕ ಹಾದು ಹೋಗುವ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಕೊಪ್ಪಳ, ಗದಗ, ಹುಬ್ಬಳ್ಳಿ ಮಾರ್ಗವಾಗಿ ಸಾಗಿದರೆ ಸುಮಾರು 280 ಕಿ.ಮೀ. ನಂತರ ಅಂಕೋಲೆಯಲ್ಲಿ ಸಮುದ್ರ ದೊರೆಯುತ್ತದೆ. ಸರ್ಫಿಂಗ್ ತರಬೇತಿಗೆ ಹೆಸರಾದ ಮೂಲ್ಕಿ ಇನ್ನೂ ದೂರದಲ್ಲಿದೆ. ಅಂದರೆ ಬಂಡ್ರಿಯ ಅರ್ಜಿದಾರರಿಗೆ ಹೋಗಿ ಬರುವ ಪ್ರಯಾಣವೇ ಎರಡು ದಿನಗಳ ಕೆಲಸ.

ತುಂಗಭದ್ರಾ ಜಲಾಶಯವು ವಿಶಾಲವಾಗಿದ್ದರೂ ಅಲ್ಲಿ ಸರ್ಫಿಂಗ್ ಸಾಧ್ಯವಿಲ್ಲ. ಜಲಾಶಯದಲ್ಲಿ ಗಾಳಿಗೆ ತೆರೆ ಏಳುವುದುಂಟು. ಆದರೆ ಹಲಗೆಯನ್ನು ಹೊತ್ತು ಸಾಗಬಲ್ಲ ಅಲೆ ರೂಪುಗೊಳ್ಳಲು ಬೇಕಾದಷ್ಟು ದೂರ ಅಲ್ಲಿ ಇರುವುದಿಲ್ಲ. ಹಂಪಿಯ ನದಿಯಲ್ಲಿ ಹರಿಗೋಲು ಸಾಗುವುದನ್ನು ಕಂಡು, ಹಲಗೆಯನ್ನೂ ಅಲ್ಲಿ ಇಳಿಸಬಹುದೆಂದು ಭಾವಿಸುವುದು ಸರಿಯಲ್ಲ. ಬಂಡೆಗಳ ನಡುವಿನ ಸುಳಿ ಮತ್ತು ಮೊಸಳೆಗಳ ಭಯ ಅಲ್ಲಿರುತ್ತದೆ. ಇದಲ್ಲದೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದೀಪಾತ್ರವು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾಗಿರುತ್ತದೆ.

ಗುಡ್ಡದ ವಿಚಾರ ಹಾಗಲ್ಲ. ಸಂಡೂರಿನ ಬೆಟ್ಟಸಾಲು ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರಕ್ಕೆ ಏರುತ್ತದೆ. ಕುಮಾರಸ್ವಾಮಿ ದೇವಾಲಯದ ಬೆಟ್ಟ, ಬ್ರಿಟಿಷರ ಕಾಲದಲ್ಲಿ ಗಿರಿಧಾಮವಾಗಿದ್ದ ರಾಮಗಡ, ನಾರಿಹಳ್ಳ ಜಲಾಶಯದ ಸುತ್ತಲಿನ ಕಣಿವೆ, ಇವೆಲ್ಲವೂ ಒಂದೇ ತಾಲ್ಲೂಕಿನಲ್ಲಿವೆ. ಬಂಡ್ರಿಯ ಹೊಲಗಳ ನಡುವಿನ ಬಂಡಿಜಾಡು ಸಹ ಕಲಿಯುವವರಿಗೆ ಉತ್ತಮ ಹಾದಿಯೇ.

ಕಾಲಮಾನ

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಾರಣ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಯೂ ಸ್ಥಗಿತವಾಗಿರುತ್ತದೆ. ಆ ಅವಧಿಯಲ್ಲಿ ಹೊಸಬರು ಸಮುದ್ರಕ್ಕೆ ಇಳಿಯಬಾರದು. ಮಳೆಗಾಲ ಮುಗಿದ ನಂತರದ ತಿಂಗಳುಗಳು ಕಲಿಕೆಗೆ ಅನುಕೂಲ.

ಸಂಡೂರಿನಲ್ಲಿ ಮಳೆ ಬಿದ್ದು ಬೆಟ್ಟ ಹಸಿರಾಗುವ ಸಮಯದಿಂದ ಫೆಬ್ರವರಿವರೆಗೆ ಸವಾರಿಗೆ ಹಿತಕರವಾದ ವಾತಾವರಣವಿರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಬೆಳಗಿನ ಹೊತ್ತು ಮಾತ್ರ ಸವಾರಿ ಮಾಡತಕ್ಕದ್ದು.

ವೆಚ್ಚದ ಲೆಕ್ಕ

ಸರ್ಫಿಂಗ್ ಕಲಿಯುವವರು ಹಲಗೆಯನ್ನು ಖರೀದಿಸಬೇಕಾಗಿಲ್ಲ. ತರಬೇತಿ ಶುಲ್ಕದಲ್ಲಿ ಹಲಗೆ ಸೇರಿರುವುದೇ ಹೆಚ್ಚು. ಆದರೆ ಪ್ರಯಾಣ, ವಸತಿ ಮತ್ತು ಊಟದ ವೆಚ್ಚ ಪ್ರತಿ ಬಾರಿಯೂ ಬರುವಂಥದು. ಸೈಕಲ್ಲಿನಲ್ಲಿ ಇದು ತಿರುಗುಮುರುಗು. ಗೇರುಳ್ಳ ಸಾಧಾರಣ ಸೈಕಲ್ಲು ಹತ್ತು ಸಾವಿರ ರೂಪಾಯಿಗಳ ಆಸುಪಾಸಿನಿಂದ ದೊರೆಯುತ್ತದೆ. ಸ್ಪರ್ಧೆಗೆ ಬಳಸುವವು ಲಕ್ಷ ದಾಟುತ್ತವೆ. ಒಮ್ಮೆ ಕೊಂಡ ನಂತರ ಟ್ಯೂಬು, ಚೈನು, ಬ್ರೇಕ್ ರಬ್ಬರುಗಳ ಖರ್ಚು ಮಾತ್ರ ಉಳಿಯುತ್ತದೆ.

ಗೇರಿಲ್ಲದ ಸೈಕಲ್ಲನ್ನೂ ಕಡೆಗಣಿಸಬೇಕಾಗಿಲ್ಲ. 2006-07ರಲ್ಲಿ ಆರಂಭವಾದ ಬೈಸಿಕಲ್ ವಿತರಣಾ ಯೋಜನೆಯಡಿ 8ನೇ ತರಗತಿಯ ಮಕ್ಕಳಿಗೆ ನೀಡಲಾದ ಸೈಕಲ್ಲುಗಳು ಗ್ರಾಮಗಳ ಅನೇಕ ಮನೆಗಳಲ್ಲಿ ಈಗಲೂ ಇವೆ. ಬ್ರೇಕು ಸರಿಪಡಿಸಿ, ಟಯರು ಬದಲಿಸಿದರೆ ಬಂಡಿಜಾಡಿನಲ್ಲಿ ಸಮತೋಲನ ಕಲಿಯಲು ಅವು ಸಾಕು. ಕಡಿದಾದ ಇಳಿಜಾರಿಗೆ ಮಾತ್ರ ಅವುಗಳನ್ನು ಬಳಸಬಾರದು.

ಕಾಲದ ಲೆಕ್ಕವನ್ನೂ ನೋಡಬೇಕು. ವಾರಕ್ಕೆ ಎರಡು ಬಾರಿ ತಲಾ ಒಂದು ಗಂಟೆ ಸವಾರಿ ಮಾಡುವವರಿಗೆ ವರ್ಷದಲ್ಲಿ 104 ಗಂಟೆಗಳ ಅಭ್ಯಾಸ ದೊರೆಯುತ್ತದೆ. ವರ್ಷಕ್ಕೊಮ್ಮೆ ಐದು ದಿನ ಕರಾವಳಿಗೆ ಹೋಗಿ, ದಿನಕ್ಕೆ ಎರಡು ಗಂಟೆ ನೀರಿನಲ್ಲಿದ್ದರೆ ದೊರೆಯುವುದು 10 ಗಂಟೆ. ಅದರಲ್ಲಿಯೂ ಬಹುಪಾಲು ಸಮಯ ಕೈಯಿಂದ ನೀರು ತಳ್ಳುತ್ತಾ ಅಲೆಗಾಗಿ ಕಾಯುವುದರಲ್ಲಿ ಕಳೆಯುತ್ತದೆ. ಹಲಗೆಯ ಮೇಲೆ ನಿಲ್ಲುವುದು ಪ್ರತಿ ಬಾರಿ ಕೆಲವೇ ಸೆಕೆಂಡುಗಳು.

ಅಪಾಯಗಳು ಮತ್ತು ಮುನ್ನೆಚ್ಚರಿಕೆ

ಸಮುದ್ರದಲ್ಲಿ: ಬಾವಿ ಮತ್ತು ಕೆರೆಗಳಲ್ಲಿ ಈಜು ಕಲಿತವರು ಸಮುದ್ರವನ್ನೂ ಅದೇ ಅಳತೆಯಲ್ಲಿ ಎಣಿಸುವುದು ಅಪಾಯಕಾರಿ. ದಡಕ್ಕೆ ಬಂದ ನೀರು ಕೆಲವೆಡೆ ಕಿರಿದಾದ ಪ್ರವಾಹವಾಗಿ ವೇಗದಿಂದ ಹಿಂದಕ್ಕೆ ಹರಿಯುತ್ತದೆ. ಇಂತಹ ಸೆಳೆತಕ್ಕೆ ಸಿಲುಕಿದವರು ದಡದತ್ತ ನೇರವಾಗಿ ಈಜಲು ಹೆಣಗಿದರೆ ಬಳಲುತ್ತಾರೆ. ಗಾಬರಿಗೊಳ್ಳದೆ ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಸೆಳೆತದಿಂದ ಹೊರಬಂದ ನಂತರ ದಡ ಸೇರಬೇಕು. ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗವನ್ನು ಬಿಚ್ಚಬಾರದು. ಹಲಗೆಯೇ ತೇಲುವ ಆಸರೆ.

ಗುಡ್ಡದಲ್ಲಿ: ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಬಲವಾಗಿ ಹಿಡಿದರೆ ಸವಾರನು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ದೇಹದ ಭಾರವನ್ನು ಹಿಂದಕ್ಕೆ ಸರಿಸಿ, ಎರಡೂ ಬ್ರೇಕುಗಳನ್ನು ಹದವಾಗಿ ಬಳಸಿ, ತಿರುವು ಬರುವ ಮೊದಲೇ ವೇಗ ತಗ್ಗಿಸಬೇಕು. ಹೆಲ್ಮೆಟ್ ಇಲ್ಲದೆ ಸವಾರಿ ಮಾಡಬಾರದು. ಇವುಗಳಲ್ಲದೆ ಸಂಡೂರು ಭಾಗಕ್ಕೆ ವಿಶೇಷವಾಗಿ ಅನ್ವಯಿಸುವ ಎಚ್ಚರಿಕೆಗಳು ಈ ಕೆಳಕಂಡಂತಿವೆ.

1. ಅದಿರು ಸಾಗಿಸುವ ಲಾರಿಗಳ ಮಾರ್ಗದಲ್ಲಿ ಸವಾರಿ ಮಾಡಬಾರದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಸ್ಥಗಿತಗೊಂಡಿದ್ದ ಗಣಿಗಾರಿಕೆಯು 2013ರ ನಂತರ ನಿಬಂಧನೆಗಳಿಗೊಳಪಟ್ಟು ಪುನರಾರಂಭಗೊಂಡಿರುತ್ತದೆ. ಗಣಿ ಗುತ್ತಿಗೆ ಪ್ರದೇಶಗಳಿಗೆ ಪ್ರವೇಶವಿಲ್ಲ. ನೀರು ತುಂಬಿದ ಹಳೆಯ ಗಣಿಗುಂಡಿಗಳಲ್ಲಿ ಈಜಲು ಇಳಿಯಬಾರದು.

2. ಬೆಟ್ಟಗಳ ಬಹುಭಾಗ ಮೀಸಲು ಅರಣ್ಯವಾಗಿದ್ದು, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಪ್ರವೇಶಿಸುವುದು ಅಪರಾಧವಾಗಿರುತ್ತದೆ.

3. ಕರಡಿ ಮತ್ತು ಚಿರತೆಗಳು ಸಂಜೆಯ ನಂತರ ಸಂಚರಿಸುವುದರಿಂದ ಕತ್ತಲಾಗುವ ಮೊದಲೇ ಹಿಂದಿರುಗಬೇಕು. ಒಂಟಿಯಾಗಿ ಹೋಗಬಾರದು.

4. ಹಂಪಿಯಲ್ಲಿ ಸ್ಮಾರಕಗಳ ಮೆಟ್ಟಿಲು, ಜಗಲಿ ಮತ್ತು ಕೋಟೆಗೋಡೆಗಳ ಮೇಲೆ ಸೈಕಲ್ ಹತ್ತಿಸಬಾರದು. ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದು 1958ರ ಕಾಯ್ದೆಯನ್ವಯ ಶಿಕ್ಷಾರ್ಹ.

5. ಮಳೆಯಿಂದ ನೆನೆದ ಹಾದಿಯಲ್ಲಿ ಚಕ್ರದ ಗೆರೆ ಆಳವಾಗಿ ಮೂಡಿ, ಮುಂದಿನ ಮಳೆಗೆ ಅದೇ ಕೊರಕಲಾಗುತ್ತದೆ. ಮಣ್ಣು ಒಣಗುವವರೆಗೆ ಕಾಯಬೇಕು. ಆ ಹಾದಿಯು ಕುರಿ ಮೇಯಿಸುವವರದೂ ಸೌದೆ ತರುವವರದೂ ಹೌದೆಂಬುದನ್ನು ಮರೆಯಬಾರದು.

ಪ್ರಯೋಜನಗಳ ತುಲನೆ

ಸೈಕಲ್ ಸವಾರಿಯಿಂದ ಕಾಲುಗಳ ಬಲ, ಉಸಿರಾಟದ ಸಾಮರ್ಥ್ಯ ಮತ್ತು ಸಮತೋಲನ ವೃದ್ಧಿಸುತ್ತವೆ. ಒಂದು ಗಂಟೆ ಏರಿದ ಬೆಟ್ಟವನ್ನು ಹತ್ತು ನಿಮಿಷಗಳಲ್ಲಿ ಇಳಿಯುವ ಸಂತೋಷಕ್ಕೆ ಏರಿದ ಶ್ರಮವೇ ಬೆಲೆ. ಇದರ ಜೊತೆಗೆ ಪಂಕ್ಚರ್ ಹಾಕುವುದು, ಚೈನು ಜೋಡಿಸುವುದು ಮುಂತಾದ ಕೆಲಸಗಳು ತಾವಾಗಿಯೇ ಕೈಗೆ ಬರುತ್ತವೆ. ತನ್ನದೇ ತಾಲ್ಲೂಕಿನ ಕಣಿವೆ, ತೊರೆ ಮತ್ತು ಗುಡಿಗಳನ್ನು ಲಾರಿ ರಸ್ತೆಯಿಂದಲ್ಲದೆ ಕಾಡಂಚಿನಿಂದ ಕಾಣುವ ಅವಕಾಶವೂ ಲಭಿಸುತ್ತದೆ. ಬೆಟ್ಟವೆಂದರೆ ಅದಿರು ಎಂದಷ್ಟೇ ಕೇಳಿ ಬೆಳೆದ ಮಕ್ಕಳಿಗೆ ಇದು ಸಣ್ಣ ಲಾಭವೇನಲ್ಲ.

ಸರ್ಫಿಂಗ್‌ನ ಲಾಭ ಬೇರೆ ಬಗೆಯದು. ಸೈಕಲ್ಲಿನ ಹಾದಿ ನಿಂತಲ್ಲಿಯೇ ಇರುತ್ತದೆ, ಅಲೆ ಇರುವುದಿಲ್ಲ. ಒಮ್ಮೆ ತಪ್ಪಿದ ಅಲೆ ಮತ್ತೆ ಬಾರದು, ಎರಡು ಅಲೆಗಳು ಒಂದೇ ಬಗೆಯವಾಗಿರುವುದಿಲ್ಲ. ಕಾಯುವ ತಾಳ್ಮೆ ಮತ್ತು ಕ್ಷಣದಲ್ಲಿ ನಿರ್ಧರಿಸುವ ಚುರುಕು, ಎರಡನ್ನೂ ಅದು ಕಲಿಸುತ್ತದೆ. ಬಿದ್ದಾಗ ಬಂಡೆಗಿಂತ ನೀರು ಮೃದು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಯುವವರು ಮೊದಲು ಈಜನ್ನು ಸರಿಯಾಗಿ ಕಲಿಯಲೇಬೇಕಾಗುತ್ತದೆ. ನದಿ, ಕಾಲುವೆ, ಕೆರೆ ಮತ್ತು ಕೃಷಿಹೊಂಡಗಳಿಂದ ಕೂಡಿದ ತುಂಗಭದ್ರಾ ಪ್ರದೇಶದಲ್ಲಿ ಈಜು ಬರುವುದು ಜೀವ ಉಳಿಸುವ ವಿದ್ಯೆ.

ತೀರ್ಮಾನ

ಯಾವ ಹವ್ಯಾಸವು ಮೇಲು ಎಂಬುದು ವಾಸಿಸುವ ಸ್ಥಳವನ್ನು ಅವಲಂಬಿಸಿರುತ್ತದೆ. ಮೂಲ್ಕಿಯ ಮಗುವಿಗೆ ಅಲೆ ಮನೆಯಂಗಳದ್ದು. ಬಂಡ್ರಿಯ ಮಗುವಿಗೆ ಗುಡ್ಡ ಮನೆಯಂಗಳದ್ದು. ಹವ್ಯಾಸದ ಫಲ ದೊರೆಯುವುದು ಅದರ ಪುನರಾವರ್ತನೆಯಿಂದ. ವಾರಕ್ಕೆರಡು ಬಾರಿ ಮಾಡಬಹುದಾದ ಸಾಧಾರಣ ಸವಾರಿಯು ವರ್ಷಕ್ಕೊಮ್ಮೆ ದೊರೆಯುವ ಅಪೂರ್ವ ಅನುಭವಕ್ಕಿಂತ ಹೆಚ್ಚು ಕಾಲ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಉಳಿಯುತ್ತದೆ. ಆದುದರಿಂದ ಈ ಭಾಗದ ಅರ್ಜಿದಾರರಿಗೆ ಗುಡ್ಡಗಾಡು ಸೈಕಲ್ ಸವಾರಿಯೇ ಹೆಚ್ಚು ಫಲದಾಯಕ. ಈಜನ್ನು ಅದರ ಜೊತೆಯಲ್ಲಿಯೇ, ಬಲ್ಲವರ ಮೇಲ್ವಿಚಾರಣೆಯಲ್ಲಿ ಕಲಿಯತಕ್ಕದ್ದು. ಈಜು ಕೈಗೂಡಿದ ನಂತರ ಕರಾವಳಿಯ ಶಿಬಿರವೊಂದರಲ್ಲಿ ಪಾಲ್ಗೊಂಡು ಅಲೆಯನ್ನೂ ಏರಿ ನೋಡಬಹುದು. ಈ ಅನುಕ್ರಮವನ್ನು ಹಿಂದುಮುಂದು ಮಾಡಬಾರದು.

ಅರ್ಜಿದಾರರ ಗಮನಕ್ಕೆ

ರಾಜ್ಯದಲ್ಲಿ ಸಾಹಸ ಕ್ರೀಡೆಗಳ ತರಬೇತಿಯನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ನಡೆಸುತ್ತದೆ. ಶಿಬಿರಗಳ ಸ್ಥಳ, ದಿನಾಂಕ, ವಯೋಮಿತಿ ಮತ್ತು ಲಗತ್ತಿಸಬೇಕಾದ ದಾಖಲೆಗಳನ್ನು ಆಯಾ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೆ ಸೇರಿದ್ದು, ಬಂಡ್ರಿ ಸೇರಿದಂತೆ ಸಂಡೂರು ತಾಲ್ಲೂಕು ಹಾಗೂ ಕಂಪ್ಲಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿಯೇ ಇರುತ್ತವೆ. ಅರ್ಜಿದಾರರು ತಮ್ಮ ಜಿಲ್ಲೆಯ ಕಚೇರಿಯನ್ನೇ ಸಂಪರ್ಕಿಸುವುದು. ಅರ್ಜಿಯಲ್ಲಿ ಈಜು ಬರುತ್ತದೆಯೇ, ಹಿಂದೆ ಪೆಟ್ಟು ಅಥವಾ ಕಾಯಿಲೆ ಇದ್ದಿತೇ ಎಂಬ ಪ್ರಶ್ನೆಗಳಿದ್ದಲ್ಲಿ ಸತ್ಯವನ್ನೇ ನಮೂದಿಸಬೇಕು. ಈಜು ಬಾರದೆಂದು ಬರೆದವರಿಗೆ ಮೊದಲು ಈಜು ಕಲಿಸಬಹುದು. ಬರುತ್ತದೆಂದು ಸುಳ್ಳು ಬರೆದವರನ್ನು ಕಾಪಾಡುವುದು ಕಷ್ಟ.