ಕುನ್ವಾಲ್ಡ್ ಎಂಬ ಸಂತೆಯೂರು

ಚೆಕ್ ದೇಶದಲ್ಲಿ ಹಳ್ಳಿಗೂ ಪಟ್ಟಣಕ್ಕೂ ನಡುವಣ ದರ್ಜೆಯ ಊರುಗಳುಂಟು. ಪೂರ್ವಕಾಲದಲ್ಲಿ ಸಂತೆ ಕೂಡಿಸುವ ಹಕ್ಕನ್ನು ಪಡೆದಿದ್ದ ಇಂಥವನ್ನು ನಾವು ಸಂತೆಯೂರು ಎನ್ನಬಹುದು. ಅವುಗಳಲ್ಲೊಂದು ಕುನ್ವಾಲ್ಡ್. ಇದು ಬೊಹೀಮಿಯಾ ಪ್ರಾಂತದ ಪೂರ್ವಭಾಗದಲ್ಲಿ, ಓರ್ಲಿಸೆ ಪರ್ವತಗಳ ತಪ್ಪಲಿನಲ್ಲಿರುವುದು. ನಿವಾಸಿಗಳು ಸುಮಾರು ಒಂದು ಸಾವಿರ.

ಯಾನ್ ಹುಸ್ ಎಂಬ ಬೋಧಕನನ್ನು 1415ರಲ್ಲಿ ಜೀವಂತವಾಗಿ ಸುಟ್ಟ ತರುವಾಯ ಬೊಹೀಮಿಯಾವು ಬಹುಕಾಲ ಯುದ್ಧಗಳಿಂದ ಬಳಲಿತು. ಕತ್ತಿ ಹಿಡಿಯದೆ ಸರಳವಾಗಿ ಬಾಳಬೇಕೆಂದ ಗ್ರೆಗರಿಯೂ ಅವನ ಸಂಗಡಿಗರೂ ಏಕಾಂತ ಸ್ಥಳವನ್ನು ಅರಸಿದರು. ಪ್ರಾಗ್ ನಗರಕ್ಕೆ ದೂರವಾದ ಕುನ್ವಾಲ್ಡ್ ಇದಕ್ಕೆ ತಕ್ಕುದಾಗಿತ್ತು. ಅದು ಪೊಡೆಬ್ರಾಡಿನ ಜಾರ್ಜನ ಜಹಗೀರಿಗೆ ಸೇರಿದ್ದು, ಆತನ ಅಪ್ಪಣೆಯಿಂದ ಅವರು 1457ರ ಸುಮಾರಿಗೆ ಅಲ್ಲಿ ನೆಲಸಿದರು. ಹೀಗೆ ಹುಟ್ಟಿತು 'ಸಹೋದರರ ಐಕ್ಯ'ವೆಂಬ ಸಭೆ.

ಈ ಸಭೆಯವರು ಓದುಬರಹಕ್ಕೆ ಬಹಳ ಬೆಲೆಕೊಟ್ಟು, ಸತ್ಯವೇದವನ್ನು ಮೂಲಭಾಷೆಗಳಿಂದ ಚೆಕ್ ಭಾಷೆಗೆ ತಿರುಗಿಸಿ, 1579ರಿಂದ ಸಂಪುಟ ಸಂಪುಟವಾಗಿ ಅಚ್ಚುಹಾಕಿಸಿದರು. ಆದರೆ 1620ರ ಯುದ್ಧದಲ್ಲಿ ಪ್ರೊಟೆಸ್ಟಂಟರು ಸೋತರು. 1627ರ ಶಾಸನವು ಬೊಹೀಮಿಯಾದಲ್ಲಿ ಕಥೋಲಿಕ ಮತವೊಂದನ್ನೇ ಉಳಿಸಿತು. ಮರುವರ್ಷ ದೇಶತ್ಯಾಗ ಮಾಡಿದವರಲ್ಲಿ ಆ ಸಭೆಯ ಯೋಹಾನ್ ಆಮೋಸ್ ಕೊಮೇನಿಯಸರೂ ಒಬ್ಬರು. ಅವರು ಮರಳಿ ತಾಯ್ನಾಡಿನಲ್ಲಿ ನೆಲಸಲಿಲ್ಲ. 1670ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ತೀರಿಕೊಂಡರು.

ಹೆಣ್ಣುಮಕ್ಕಳ ಬುದ್ಧಿಯೂ ಗಂಡುಮಕ್ಕಳ ಬುದ್ಧಿಯಷ್ಟೇ ಚುರುಕಾದುದರಿಂದ ಅವರನ್ನು ವಿದ್ಯೆಯಿಂದ ದೂರವಿಡಲಾಗದೆಂದು ವಾದಿಸಿದವರು ಇವರೇ. ಚಿತ್ರಗಳ ಮೂಲಕ ಕಲಿಸುವ ಇವರ ಪಠ್ಯಪುಸ್ತಕವು 1658ರಲ್ಲಿ ಹೊರಬಂದಿತು. ಪ್ರಿಯ ಪೋಷಕರೇ, ಮಗಳ ಓದನ್ನು ಅರ್ಧಕ್ಕೆ ನಿಲ್ಲಿಸುವ ಯೋಚನೆ ಮೂಡಿದಾಗ ಮನೆಯನ್ನು ಕಳೆದುಕೊಂಡರೂ ಈ ಮಾತನ್ನು ಬಿಡದ ಆ ಉಪಾಧ್ಯಾಯರನ್ನು ನೆನೆಯಿರಿ.